ಹಡಗಿನಿಂದ ಇಳಿದ ತಮ್ಮನಿಗೆ ಹೆರಾಯಿನ್ ಬಿಡಿಸುವುದು ಹೇಗೆ? ಅನುಭವ ಇದ್ದವರು ಹೇಳಿ

ಕೇಳಿದವರು, ಕುಂಬಳೆ: ತಮ್ಮ ಟ್ಯಾಂಕರ್ ಹಡಗಿನಲ್ಲಿ ಎಬಿ, ಅಂದರೆ ಡೆಕ್ಕಿನ ನಾವಿಕ. ಬ್ರೌನ್ ಶುಗರ್ (ಕಲಬೆರಕೆ ಹೆರಾಯಿನ್) ಹಿಡಿದು ವರ್ಷಗಳಾದವು. ಹಡಗಿನಲ್ಲಿ ಮುಟ್ಟುವುದಿಲ್ಲವಂತೆ, ಊರಿಗೆ ಬಂದರೆ ಮತ್ತೆ ಅದೇ. ಬೇಗ ಇನ್ನೊಂದು ಹಡಗು ಹತ್ತಿದರೆ ಸರಿಯಾಗುತ್ತೇನೆ ಅನ್ನುತ್ತಾನೆ. ಕಳಿಸಬಹುದಾ? ಆಸ್ಪತ್ರೆಗೆ ಹೋದರೆ ಪೊಲೀಸರಿಗೆ ಗೊತ್ತಾಗುತ್ತದಾ?

ಬೋಸನ್ (ಡೆಕ್ ನಾವಿಕರ ಮುಖ್ಯಸ್ಥ), ಉದುಮ: ಅಕ್ಕಾ, ಈಗ ಕಳಿಸಬೇಡಿ. ಹಡಗಿನಲ್ಲಿ ಸಿಗುವುದಿಲ್ಲ, ಅದಕ್ಕೆ ತಗೊಳ್ಳುವುದಿಲ್ಲ, ಅಷ್ಟೇ. ನನ್ನದೂ ಹೀಗೇ ಇತ್ತು. ಸೈನ್ ಆನ್ ಆದ, ಅಂದರೆ ಹಡಗು ಹತ್ತಿದ ಮೊದಲ ವಾರ ಮೈಕೈ ನೋವು, ಭೇದಿ, ಸುರಿಯುವ ಮೂಗು. ಎರಡು-ಮೂರನೇ ದಿನ ಜೋರು. ನಿದ್ದೆ ಮಾತ್ರ ಎಷ್ಟೋ ವಾರ ಬರುವುದಿಲ್ಲ. ಚೀಫ್ ಆಫೀಸರ್ ಕೇಳಿದರೆ ಹೊಟ್ಟೆ ಕೆಟ್ಟಿದೆ ಅನ್ನುವುದು. ಆ ಸ್ಥಿತಿಯಲ್ಲಿ ಹಡಗನ್ನು ದಡಕ್ಕೆ ಕಟ್ಟುವ ಮೂರಿಂಗ್ ಹಗ್ಗದ ಹತ್ತಿರ ನಿಂತವನು ಪಕ್ಕದವನ ಜೀವಕ್ಕೂ ಅಪಾಯ.

ಅದಕ್ಕಿಂತ ಹೆದರಬೇಕಾದ್ದು ಸೈನ್ ಆಫ್ ಆಗಿ ಹಡಗು ಇಳಿದ ಮೇಲೆ. ತಿಂಗಳುಗಟ್ಟಲೆ ಬಿಟ್ಟ ಮೈ ಹಳೇ ಅಳತೆಯನ್ನು ತಡೆಯುವುದಿಲ್ಲ, ಉಸಿರೇ ನಿಂತುಬಿಡಬಹುದು. ಕಾಂಟ್ರಾಕ್ಟಿನ ದುಡ್ಡು ಬೇರೆ ಕೈಯಲ್ಲಿರುತ್ತದೆ. ನಮ್ಮ ಬ್ಯಾಚಿನಲ್ಲೇ ಹಾಗೆ ಹೋದವರಿದ್ದಾರೆ.

ರಜೆಯಲ್ಲಿ ನಮ್ಮಂಥವರಿಗೆ ಸಂಬಳ ಇಲ್ಲ, ಹಾಗಾಗಿ ಮನೆಯವರಿಗೂ ಬೇಗ ಹತ್ತಲಿ ಅನಿಸುತ್ತದೆ. ನಾನು ಆ ಸಲ ಹತ್ತಲಿಲ್ಲ. ಡಾಕ್ಟರು ಬುಪ್ರೆನಾರ್ಫಿನ್ ಶುರು ಮಾಡಿದರು, ನಾಲಗೆ ಅಡಿ ಇಡುವ ಮಾತ್ರೆ. ಚಡಪಡಿಕೆ ಶುರುವಾದ ಮೇಲೇ ಮೊದಲ ಮಾತ್ರೆ ಕೊಡುತ್ತಾರೆ. ಬೇಗ ಕೊಟ್ಟರೆ ನರಳಾಟ ಒಮ್ಮೆಲೇ ಏರುತ್ತದೆ. ಯಾರದ್ದೋ ಮಾತ್ರೆ ತಂದು ಮನೆಯಲ್ಲಿ ಕೊಡಲಿಕ್ಕೆ ಹೋಗಬೇಡಿ.

ಒಂದು ತೊಡಕಿದೆ. ಆ ಮಾತ್ರೆ ನಡೆಯುವಾಗ ಹಡಗಿನ ಮೆಡಿಕಲ್ ಪಾಸಾಗುವುದು ಕಷ್ಟ. ಬ್ಯಾಗಿನಲ್ಲಿ ಅಡಗಿಸಿಕೊಂಡು ಗಲ್ಫಿಗೆ ಹೋದರೆ ಜೈಲೇ ಆಗಬಹುದು. ಹಾಗಂತ ಹಡಗಿಗಾಗಿ ಮಾತ್ರೆಯನ್ನು ತಟ್ಟನೆ ನಿಲ್ಲಿಸಲೂಬಾರದು. ತಾನು ನಾವಿಕ ಅಂತ ಡಾಕ್ಟರ ಹತ್ತಿರ ಮೊದಲ ದಿನವೇ ಹೇಳಲಿ. ನಾನು ಆ ಕಾಲದಲ್ಲಿ ಐಸ್ ಪ್ಲಾಂಟಿನಲ್ಲಿ ಕೆಲಸ ಮಾಡಿದೆ. ಕಪ್ಪಲ್ಕಾರ (ಹಡಗಿನವನು) ಐಸ್ ಹೊರುತ್ತಾನೆ ಅಂತ ಊರೆಲ್ಲ ಮಾತು. ಮಾತಾಡಲಿ ಬಿಡಿ.

ಮಂಜೇಶ್ವರದಿಂದ ಒಬ್ಬರು: ನಮ್ಮವರ ಎಟಿಎಂ ಕಾರ್ಡ್ ಕಿತ್ತುಕೊಂಡೆ, ನನ್ನ ಬಳೆ ಮಾಯವಾಯಿತು. ಆಮೇಲೆ ಕೌನ್ಸೆಲರ್ ಎದುರು ಕೂತು ಅವರೇ ಕಾರ್ಡ್ ಕೊಟ್ಟರು, ಆ ಏರ್ಪಾಡು ಉಳಿಯಿತು. ಅವರಿಗೆ ಮಲಯಾಳದಲ್ಲಿ ಮನಸ್ಸು ಬಿಚ್ಚಿ ಮಾತಾಡಲು ಬರುವುದಿಲ್ಲ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನಲ್ಲಿ (14416) ಕನ್ನಡ ಸಿಗುತ್ತದೆ.

ನರ್ಸ್, ಕಾಸರಗೋಡು: ಪೊಲೀಸ್ ವಿಷಯ. ಚಿಕಿತ್ಸೆಗೆ ಬಂದವರ ಮಾಹಿತಿ ಗುಟ್ಟಾಗಿಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಬಳಸಿದ ಕೇಸು ಬಿದ್ದಿದ್ದರೂ, ತಾನಾಗಿ ಸರಕಾರಿ ಅಥವಾ ಮಾನ್ಯತೆ ಇರುವ ಕಡೆ ಚಿಕಿತ್ಸೆ ಪಡೆದವರಿಗೆ 1985ರ ಎನ್‌ಡಿಪಿಎಸ್ (ಮಾದಕ ವಸ್ತು ತಡೆ) ಕಾಯ್ದೆಯ 64ಎ ಕಲಮಿನಲ್ಲಿ ವಿನಾಯಿತಿ ಇದೆ. ಅರ್ಧಕ್ಕೆ ಬಿಟ್ಟರೆ ಅದು ಹೋಗಬಹುದು. ಕೇರಳ ಸರಕಾರದ ವ್ಯಸನಮುಕ್ತಿ ಯೋಜನೆ ವಿಮುಕ್ತಿಯ ನಂಬರ್ 14405.

ಅಳತೆ ಮೀರಿ ತಗೊಂಡು ತುಟಿ ನೀಲಿಯಾಗಿ, ಕರೆದರೂ ಏಳದಿದ್ದರೆ ತಣ್ಣೀರು ಸುರಿಯುತ್ತಾ ಕೂರಬೇಡಿ. ಉಸಿರಾಡುತ್ತಿದ್ದರೆ ಮಗ್ಗುಲಿಗೆ ಮಲಗಿಸಿ, ತಕ್ಷಣ ಆಸ್ಪತ್ರೆಗೆ ಒಯ್ಯಿರಿ, ಏನು ತಗೊಂಡಿದ್ದಾನೆ ಅಂತ ಮುಚ್ಚಿಡದೆ ಹೇಳಿ. ನಲಾಕ್ಸೋನ್ ಇಂಜೆಕ್ಷನ್ ಕೊಟ್ಟು ಉಳಿಸಲಿಕ್ಕಾಗುತ್ತದೆ.

ಮುಂದೆ ಮೆಡಿಕಲ್‌ಗೆ ಹೋಗುವ ವಾರ ಗಸಗಸೆ ಪಾಯಸ ಬೇಡ. ಬಿಟ್ಟವನ ಮೂತ್ರದಲ್ಲೂ ಮಾರ್ಫಿನ್ ತೋರಿಸಬಹುದು!