ಮುಸುಕಿನ ಬಾವಿಯ ಚಿತ್ರಗಳಲ್ಲಿ ಕಾಲ ಸರಿದದ್ದನ್ನು ತೋರಿಸುವುದು ಹೇಗೆ?

ಪ್ರಶ್ನೆ (ಗದಗ):
ಮೂರು ವರ್ಷಗಳಿಂದ ಲಕ್ಕುಂಡಿಯ ಮಾಣಿಕೇಶ್ವರ ಗುಡಿಯ ಬಳಿಯಿರುವ ಮುಸುಕಿನ ಬಾವಿ ಎಂಬ ಮೆಟ್ಟಿಲುಬಾವಿಯ ಛಾಯಾಚಿತ್ರಗಳನ್ನು ತೆಗೆಯುತ್ತಿದ್ದೇನೆ. ಬೇಸಿಗೆಯಲ್ಲೂ ಮಳೆಗಾಲದಲ್ಲೂ ಹೋಗಿದ್ದೇನೆ. ಒಂದೊಂದು ಚಿತ್ರವೂ ಚೆನ್ನಾಗಿಯೇ ಇದೆ. ಆದರೆ ಎಲ್ಲವನ್ನೂ ಮೇಜಿನ ಮೇಲೆ ಹರಡಿದಾಗ, ಒಂದೇ ದಿನ ಬೇರೆ ಬೇರೆ ಮೂಲೆಗಳಿಂದ ತೆಗೆದಂತೆ ಕಾಣುತ್ತವೆ. ಕಲ್ಯಾಣ ಚಾಲುಕ್ಯರ ಕಾಲದ ಕಲ್ಲು ನನ್ನ ಮೂರು ವರ್ಷಗಳಲ್ಲಿ ಬದಲಾಗುವುದೂ ಇಲ್ಲ. ಬಲ್ಲವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ 1 (ಧಾರವಾಡ):
ಕಲ್ಲು ಬದಲಾಗದಿರುವುದೇ ನಿಮಗೆ ದೊರೆತ ಅನುಕೂಲವೆಂದು ನಾನು ತಿಳಿಯುತ್ತೇನೆ, ಏಕೆಂದರೆ ಬದಲಾಗುವುದನ್ನು ಅಳೆಯಲು ಬದಲಾಗದ ಒಂದು ಅಳತೆಗೋಲು ಬೇಕು. ಬಾವಿಯಲ್ಲಿ ಮೆಟ್ಟಿಲುಗಳೇ ಆ ಅಳತೆಗೋಲು: ನೀರಿನಿಂದ ಹೊರಬಿದ್ದ ಮೆಟ್ಟಿಲುಗಳನ್ನು ಎಣಿಸಿದವರಿಗೆ ಯಾವ ಋತುವೆಂಬುದು ಬರಹವಿಲ್ಲದೆಯೇ ತಿಳಿಯುತ್ತದೆ. ಆದರೆ ನೀವು ಪ್ರತಿ ಸಲವೂ ನಿಲ್ಲುವ ಜಾಗವನ್ನು ಬದಲಿಸಿದ್ದರಿಂದ, ಬದಲಾದದ್ದು ಬಾವಿಯೋ ನೀವೋ ಎಂಬುದು ನೋಡುವವರಿಗೆ ಗೊತ್ತಾಗುತ್ತಿಲ್ಲ.

ಆದ್ದರಿಂದ ನಿಮ್ಮ ಹಳೆಯ ಚಿತ್ರಗಳಲ್ಲಿ ಒಂದನ್ನು ಆರಿಸಿ, ಮುದ್ರಿಸಿಕೊಂಡು ಬಾವಿಗೆ ಒಯ್ಯಿರಿ. ಅದರಲ್ಲಿ ಹತ್ತಿರದ ಕಲ್ಲಿನ ಮೂಲೆಯು ದೂರದ ಯಾವ ಮೆಟ್ಟಿಲಿನ ಅಂಚಿಗೆ ತಾಕಿದಂತೆ ಕಾಣುತ್ತದೆ ಎಂಬುದನ್ನು ಗುರುತಿಸಿ, ಅದೇ ಹೊಂದಿಕೆ ಕಣ್ಣಿಗೆ ಬೀಳುವವರೆಗೆ ಸರಿಯುತ್ತಾ ಹೋಗಿರಿ. ಒಂದು ಗೇಣು ತಪ್ಪಿದರೂ ಆ ಎರಡು ಅಂಚುಗಳು ಅಗಲುತ್ತವೆ. ಲೆನ್ಸಿನ ಫೋಕಲ್ ಲೆಂತ್ (ನೋಟ ಎಷ್ಟು ಅಗಲ ಅಥವಾ ಹತ್ತಿರ ಎಂಬುದನ್ನು ತೀರ್ಮಾನಿಸುವ ಅಳತೆ) ಸಾಮಾನ್ಯವಾಗಿ ಡಿಜಿಟಲ್ ಚಿತ್ರದ ಕಡತದಲ್ಲಿಯೇ ದಾಖಲಾಗಿರುತ್ತದೆ; ಈ ಸಲವೂ ಅದನ್ನೇ ಇಟ್ಟುಕೊಳ್ಳಿರಿ. ವರ್ಷದಿಂದ ವರ್ಷಕ್ಕೆ ಹೋಲಿಸುವುದಾದರೆ ಅದೇ ತಾರೀಖು, ಅದೇ ಗಳಿಗೆಗೆ ಹೋಗಿರಿ. ಆಗ ನೆರಳು ಹಿಂದಿನ ವರ್ಷದ ಜಾಗದಲ್ಲಿಯೇ ಬಿದ್ದು, ಉಳಿದ ವ್ಯತ್ಯಾಸವಷ್ಟೇ ಎದ್ದು ಕಾಣುತ್ತದೆ. ಗುರುತಿಗೆಂದು ಕಲ್ಲಿನ ಮೇಲೆ ಸೀಮೆಸುಣ್ಣದ ಗೆರೆಯನ್ನೂ ಎಳೆಯಬಾರದೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಉತ್ತರ 2 (ಹುಬ್ಬಳ್ಳಿ):
ಒಂದೇ ಚಿತ್ರದೊಳಗೂ ಕಾಲವನ್ನು ಹಿಡಿಯಬಹುದು. 1838ರಲ್ಲಿ ಫ್ರಾನ್ಸಿನ ಆರಂಭಕಾಲದ ಛಾಯಾಗ್ರಾಹಕ ಡಾಗೇರ್ ಪ್ಯಾರಿಸ್ಸಿನ ಜನನಿಬಿಡ ಬೀದಿಯೊಂದನ್ನು ಹಲವು ನಿಮಿಷಗಳ ಬೆಳಕಿನಲ್ಲಿ ಸೆರೆಹಿಡಿದಾಗ, ಓಡಾಡುತ್ತಿದ್ದ ಜನರೂ ಬಂಡಿಗಳೂ ಮಾಯವಾಗಿ, ಬೂಟು ಪಾಲಿಶ್ ಮಾಡಿಸಿಕೊಳ್ಳಲು ನಿಂತಿದ್ದವನು ಉಳಿದುಕೊಂಡ. ನಮ್ಮ ರೈಲು ನಿಲ್ದಾಣದ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮಿನಲ್ಲಿ ಇದನ್ನು ಮಾಡಿ ನೋಡಬೇಕೆಂಬುದು ನನ್ನ ಬಹುದಿನದ ಆಸೆ. ಬೆಳಕನ್ನು ಸಾವಿರ ಪಾಲು ತಗ್ಗಿಸುವ ಎನ್‌ಡಿ ಫಿಲ್ಟರ್ (ಲೆನ್ಸಿನ ಮುಂದೆ ಹಾಕುವ ಕಪ್ಪು ಗಾಜು) ಹಾಕಿದರೆ, ಶಟರ್ ತೆರೆದಿರುವ ವೇಳೆ ಸೆಕೆಂಡಿನ ನೂರನೆಯ ಒಂದು ಭಾಗದಿಂದ 10 ಸೆಕೆಂಡಿಗೆ ಹಿಗ್ಗುತ್ತದೆ. ಆದರೆ ಬಾವಿಯಲ್ಲಿ ಚಲಿಸುವುದು ಬಹಳ ಕಡಿಮೆ. ಅಲ್ಲಿಗೆ ಧಾರವಾಡದವರು ಹೇಳಿದ ದಾರಿಯೇ ಸರಿ.

ಉತ್ತರ 3 (ಹಾವೇರಿ):
ಮನುಷ್ಯರಿಲ್ಲದ ಕಾಲ ನನ್ನ ಮನಸ್ಸಿಗೆ ತಾಕುವುದಿಲ್ಲ. ಅಮೆರಿಕದ ಛಾಯಾಗ್ರಾಹಕ ನಿಕೊಲಸ್ ನಿಕ್ಸನ್ 1975ರಿಂದ ನಾಲ್ಕು ದಶಕಗಳಿಗೂ ಮಿಗಿಲಾಗಿ ತಮ್ಮ ಪತ್ನಿಯನ್ನೂ ಆಕೆಯ ಮೂವರು ಸಹೋದರಿಯರನ್ನೂ ವರ್ಷಕ್ಕೊಮ್ಮೆ ಒಟ್ಟಿಗೆ ನಿಲ್ಲಿಸಿ ಚಿತ್ರಿಸಿದರು. ನೀವೂ ನಿಮ್ಮ ಮನೆಯವರೊಬ್ಬರನ್ನು ಪ್ರತಿ ವರ್ಷ ಒಂದೇ ಮೆಟ್ಟಿಲಿನ ಮೇಲೆ ಕೂರಿಸಬಹುದು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ಮೊದಲ ವರ್ಷದ ಯುಗಾದಿಯ ಮರುದಿನ ತೆಗೆದ ಚಿತ್ರದಲ್ಲಿ ನನ್ನ ಮಗಳು ಮೇಲಿನಿಂದ ಮೂರನೆಯ ಮೆಟ್ಟಿಲಿನ ಮೇಲೆ ಕುಳಿತಿದ್ದಾಳೆ. ಯುಗಾದಿಯ ತಾರೀಖು ಪ್ರತಿ ವರ್ಷ ಬದಲಾಗುವುದರಿಂದ, ಕಡತದಲ್ಲಿರುವ ತಾರೀಖನ್ನೇ ಹಿಡಿದು ಬರುವ ವರ್ಷ ಅವಳನ್ನು ಕರೆದುಕೊಂಡು ಹೋಗುತ್ತೇನೆ.