ಈ ಫೋಟೋದಲ್ಲಿ ಹಕ್ಕಿ ಎಲ್ಲಿದೆ?

"ಇದರಲ್ಲಿ ಹಕ್ಕಿ ಎಲ್ಲಿದೆ ಮಾರಾಯ?" ಮೇಷ್ಟ್ರು ಕನ್ನಡಕ ಹಣೆಗೇರಿಸಿ, ಕ್ಯಾಮರಾದ ಪರದೆಗೆ ಮೂಗು ತಾಗಿಸಿದರು.

"ಆ ಎಲೆ ಹಿಂದೆ ಇನ್ನೊಂದು ಎಲೆ ಇದೆಯಲ್ಲ ಮೇಷ್ಟ್ರೇ, ಅದು ಎಲೆ ಅಲ್ಲ."

"ಮತ್ತೆಂತ?"

"ಕುಟ್ರುಹಕ್ಕಿ."

ನಮ್ಮ ತೀರ್ಥಹಳ್ಳಿ ಕಡೆ ಕ್ಯಾಮರಾ ಹಿಡಿದವರೆಲ್ಲರ ಹತ್ತಿರವೂ ಇಂಥದ್ದೊಂದು ಫೋಟೋ ಇರುತ್ತದೆ. ಕುಟ್ರೂ ಕುಟ್ರೂ ಅಂತ ದಿನವಿಡೀ ಕೂಗಿ ಊರಿಗೆಲ್ಲ ತನ್ನ ವಿಳಾಸ ಹೇಳುವ ಹಕ್ಕಿ ಅದು. ಆದರೆ ಮೈ ಹಸಿರು, ಕೂರುವುದೂ ಹಸಿರಲ್ಲೇ. ತಲೆ ಎತ್ತಿ ಹುಡುಕಿ ಹುಡುಕಿ ಕುತ್ತಿಗೆ ಹಿಡಿದುಕೊಳ್ಳುತ್ತದೆಯೇ ಹೊರತು ಹಕ್ಕಿ ಸಿಗುವುದಿಲ್ಲ.

ಫೋಟೋ ತೆಗೆದವನು ಲೆನ್ಸ್ ಭಟ್ಟ. ಅಡಿಕೆಗೆ ಒಳ್ಳೆ ರೇಟು ಬಂದ ವರ್ಷ, ದೂರದ ಹಕ್ಕಿಯನ್ನು ಹತ್ತಿರ ತೋರಿಸುವ 400 ಎಂಎಂ ಲೆನ್ಸ್ ತಂದ. ಜೂಮ್ ಇಲ್ಲದ್ದು. ಅವತ್ತಿನಿಂದ ಅವನ ನಿಜವಾದ ಹೆಸರು ಯಾರಿಗೂ ಬೇಡವಾಗಿದೆ. ನಾವೆಲ್ಲ ಕೂತಿದ್ದು ಗಣಪಣ್ಣನ ಜಗಲಿಯಲ್ಲಿ. ಹೊರಗೆ ಜೂನ್ ತಿಂಗಳ ಮಳೆ. ಮಧ್ಯಾಹ್ನ ಮೂರಕ್ಕೇ ದೀಪ ಹಾಕಿದ್ದರು.

"ಈ ಕತ್ತಲಲ್ಲಿ ಎಂತ ಫೋಟೋ ತೆಗೀಲಿ ಹೇಳಿ" ಭಟ್ಟ ಶುರು ಮಾಡಿದ. "400 ಎಂಎಂ ಲೆನ್ಸ್ ಕೈಯಲ್ಲಿ ಹಿಡಿದು ಅಲ್ಲಾಡದ ಹಾಗೆ ತೆಗೀಬೇಕಾದ್ರೆ ಶಟರ್ ಸೆಕೆಂಡಿನ 400ರಲ್ಲಿ ಒಂದು ಭಾಗಕ್ಕಿಂತ ನಿಧಾನ ಇರಬಾರದು. ಹಾರೋ ಹಕ್ಕಿಗೆ 2000ದಲ್ಲಿ ಒಂದು ಭಾಗ ಬೇಕು. ಶಟರ್ ಅಷ್ಟು ಬೇಗ ಮುಚ್ಚಿದ್ರೆ ಬೇಕಾಗೋ ಬೆಳಕು ನಮ್ಮಲ್ಲಿ ಇನ್ನು ಅಕ್ಟೋಬರ್ ತನಕ ಎಲ್ಲಿಂದ ಬರ್ಬೇಕು? ಕಮ್ಮಿ ಬೆಳಕಲ್ಲೂ ಫೋಟೋ ಬರೋ ಹಾಗೆ ಮಾಡೋ ಐಎಸ್‌ಒನ 6400ಕ್ಕೆ ಏರಿಸಿ ತೆಗ್ದ ಇನ್ನೊಂದು ಫೋಟೋ ಇದು, ನೋಡಿ."

ಚಹಾ ತಂದ ಅಕ್ಕ ಬಗ್ಗಿ ನೋಡಿದರು. "ಪಿಕಳಾರದ ಮೈಮೇಲೆ ಯಾರೋ ರವೆ ಚೆಲ್ಲಿದ ಹಾಗಿದೆಯಲ್ಲ."

"ಅದೇ ಅಕ್ಕಾ, ಐಎಸ್‌ಒ ಏರಿಸಿದ್ರೆ ಬರೋದು ಅದೇ."

ಮಳೆ ಭಟ್ಟನಿಗೆ ಬೆಳಕು ಮಾತ್ರ ತಪ್ಪಿಸಿದ್ದಲ್ಲ. ಕಳೆದ ಮಳೆಗಾಲ ಬ್ಯಾಗಿನಲ್ಲೇ ಇಟ್ಟಿದ್ದ ಲೆನ್ಸಿನ ಗಾಜಿಗೆ ಒಳಗಿನಿಂದ ಬೂಷ್ಟು ಹಿಡಿದಿತ್ತು. ಬಿಚ್ಚಿ ಒರೆಸಿದ್ದಕ್ಕೆ ರಿಪೇರಿಯವನು ಕೇಳಿದ ದುಡ್ಡನ್ನು ಭಟ್ಟ ಇವತ್ತಿಗೂ ಮನೆಯಲ್ಲಿ ಬಾಯಿಬಿಟ್ಟಿಲ್ಲ.

"ಅಕ್ಕಿ ಡಬ್ಬಿಯಲ್ಲಿ ಇಡು" ಅಂದ ಗಣಪಣ್ಣ.

"ಅಕ್ಕಿ ಧೂಳು ಒಳಗೆ ಹೋಗ್ತದೆ."

"ಹಂಗಾದ್ರೆ ಒಲೆ ಮೇಲಿನ ಅಟ್ಟ. ನಮ್ಮ ಹಪ್ಪಳ, ಉಪ್ಪಿನಕಾಯಿ ಮಾವು, ಎಲ್ಲ ಅಲ್ಲೇ ಚೆನ್ನಾಗಿರ್ತವೆ."

"ಇದು ಹಪ್ಪಳ ಅಲ್ಲ ಗಣಪಣ್ಣ! ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ ಬೇಕು, ಒಳಗೆ ಸಿಲಿಕಾ ಜೆಲ್ ಹಾಕ್ಬೇಕು. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದ್ರೆ ತೇವ ಹೀರಿ ಸಾಕಾಗಿದೆ ಅಂತ. ಸಣ್ಣ ಉರಿಯಲ್ಲಿ ಬಿಸಿ ಮಾಡಿದ್ರೆ ಮತ್ತೆ ನೀಲಿ."

"ನನ್ನ ದೋಸೆ ಕಾವಲಿ ಕೇಳ್ಬೇಡ" ಅಕ್ಕ ಮೊದಲೇ ಹೇಳಿಬಿಟ್ಟರು.

ಅಕ್ಕ ಹೇಳಿದ್ದೂ ಸರಿ. ಆ ನೀಲಿಗೆ ಕೋಬಾಲ್ಟ್ ಸೇರಿಸಿರುತ್ತಾರೆ. ಅಡುಗೆಯ ಪಾತ್ರೆಗೆ ಅದು ಬೇಡ.

ಮೇಷ್ಟ್ರ ಚಿಂತೆ ಬೇರೆ. ಅವರ ಸ್ಕೂಟರಿನ ಕನ್ನಡಿ ಮೇಲೆ ಒಂದು ಮಡಿವಾಳ ಹಕ್ಕಿ ಬೆಳಗಿನಿಂದ ಕುಸ್ತಿಗೆ ಬಿದ್ದಿದೆ. "ಕುಕ್ಕೋದು, ಹಾರೋದು, ಮತ್ತೆ ಬಂದು ಕುಕ್ಕೋದು. ಜೊತೆಗೆ ಸೀಟಿನ ಮೇಲೆ ಹಿಕ್ಕೆ."

"ಮರಿ ಮಾಡೋ ಕಾಲ ಮೇಷ್ಟ್ರೇ. ಕನ್ನಡಿಯಲ್ಲಿ ಕಾಣೋದು ತನ್ನ ಜಾಗಕ್ಕೆ ಬಂದ ಬೇರೆ ಗಂಡು ಅಂದ್ಕೊಳ್ತದೆ. ದಯವಿಟ್ಟು ಓಡಿಸ್ಬೇಡಿ, ನಾಳೆ ಬೆಳಗ್ಗೆ ಬರ್ತೇನೆ, ಎಂಥಾ ಪೋಸು ಸಿಗ್ತದೆ ಗೊತ್ತುಂಟಾ!"

"ತಡ ಆಯ್ತು. ಎರಡೂ ಕನ್ನಡಿಗೆ ಹಳೆ ಕಾಲುಚೀಲ ಹಾಕಿಯಾಯ್ತು."

ಭಟ್ಟನ ಮುಖ ಸಣ್ಣಗಾಯಿತು. ಮೇಷ್ಟ್ರು ಮಾಡಿದ್ದೇ ಸರಿ ಅಂತ ನನಗನಿಸಿತು. ಮರಿಗೆ ಹುಳ ತರಬೇಕಾದವನು ಕನ್ನಡಿ ಜೊತೆ ದಿನ ಕಳೆದರೆ ಹೇಗೆ?

"ಹೋಗ್ಲಿ, ನಿಮ್ಮ ಹಿತ್ತಿಲಲ್ಲಿ ಸೂರಕ್ಕಿ ಗೂಡು ಇದೆ ಅಂದ್ರಲ್ಲ ಅಕ್ಕಾ?"

ಇದೆ. ಬಟ್ಟೆ ಒಣ ಹಾಕುವ ತಂತಿಯ ತುದಿಯಲ್ಲಿ, ಪಕ್ಕದ ದಾಸವಾಳದ ಗಿಡದ ಮರೆಯಲ್ಲಿ. ಜೇಡರ ಬಲೆ, ನಾರು, ಒಣಗಿದ ಸೊಪ್ಪು ಸೇರಿಸಿ ಹೆಣ್ಣು ಹಕ್ಕಿ ನೇತುಹಾಕಿದ ಚೀಲ. ಅದು ಬಂದಾಗಿನಿಂದ ಅಕ್ಕ ಅರ್ಧ ತಂತಿ ಬಿಟ್ಟುಕೊಟ್ಟಿದ್ದಾರೆ. ಗಣಪಣ್ಣನ ಪಂಚೆಗಳು ಈಗ ಒಳಗೆ ಕುರ್ಚಿ ಮೇಲೆ ಒಣಗುತ್ತಿವೆ.

"ಅಡ್ಡ ಇರೋ ಎರಡೇ ಎರಡು ಎಲೆ ಕತ್ತರಿಸಿದ್ರೆ ಒಳ್ಳೇ ಫ್ರೇಮು..."

"ಒಂದು ಎಲೆ ಮುಟ್ಟಿ ನೋಡು, ಈ ಮನೆಯಲ್ಲಿ ನಿಂಗೆ ಚಹಾ ಇಲ್ಲ" ಅಕ್ಕ ಲೋಟ ಎತ್ತಿಕೊಂಡೇ ಬಿಟ್ಟರು. "ಆ ಎಲೆ ಇರೋದಕ್ಕೇ ಕಾಗೆಗೆ ಗೂಡು ಕಂಡಿಲ್ಲ."

ಪಾಪ, ಭಟ್ಟನಿಗೂ ಗೊತ್ತಿರುವ ಮಾತೇ. ಎಷ್ಟೋ ಸ್ಪರ್ಧೆಗಳಲ್ಲಿ ಗೂಡಿನ ಫೋಟೋ ತೆಗೆದುಕೊಳ್ಳುವುದೇ ಇಲ್ಲ, ಇದೇ ಕಾರಣಕ್ಕೆ. ಕ್ಯಾಮರಾ ಕೈಗೆ ಬಂದರೆ ಮಾತ್ರ ಎಲೆ ಅಡ್ಡ ಅನ್ನಿಸಲು ಶುರುವಾಗುತ್ತದೆ.

"ಗೂಡೇ ಬೇಕಾದ್ರೆ ಮಂಡಗದ್ದೆಗೆ ಹೋಗು" ಅಂದ ಗಣಪಣ್ಣ. "ತುಂಗೆ ನಡುವಿನ ಮರಗಳ ತುಂಬ ಬೆಳ್ಳಕ್ಕಿ, ನೀರುಕಾಗೆ. ಮಳೆಗಾಲ ಪೂರ್ತಿ ಅಲ್ಲೇ ಸಂಸಾರ. ದಡದಲ್ಲಿ ನಿಂತು ತೆಗಿ, ಯಾರಿಗೂ ತೊಂದ್ರೆ ಇಲ್ಲ."

"ಅಲ್ಲಿ ಎಲ್ಲರೂ ಅದೇ ಫೋಟೋ ತೆಗೀತಾರೆ."

"ಹಂಗಾದ್ರೆ ಎಣಿಸು. ಫೆಬ್ರವರಿಯಲ್ಲಿ ಹಿತ್ತಿಲ ಹಕ್ಕಿ ಲೆಕ್ಕ ಇರ್ತದಲ್ಲ, ಅದಕ್ಕೆ ಫೋಟೋನೇ ಬೇಡ. 15 ನಿಮಿಷ ಕೂತ್ರೆ ಸಾಕು. ನಾನು ಈ ಸಲ 62 ಹರಟೆಮಲ್ಲ ಬರೆದೆ."

"ನಿಮ್ಮ ಹಿತ್ತಿಲಲ್ಲಿ 62?"

"ಏಳೆಂಟು ಬಂದವು, ಹೋದವು, ಮತ್ತೆ ಬಂದವು."

"ಬಂದದ್ದೇ ಬಂದ್ರೆ ಕೂಡಿಸೋ ಹಾಗಿಲ್ಲ ಗಣಪಣ್ಣ! ಒಟ್ಟಿಗೆ ಕಂಡಿದ್ದರಲ್ಲಿ ಜಾಸ್ತಿ ಎಷ್ಟೋ ಅಷ್ಟೇ ಬರೀಬೇಕು. ಎಂಟು!"

ಗಣಪಣ್ಣ ಅಡಿಕೆ ಮೂಟೆ ಕಳೆದುಹೋದವರ ಮುಖ ಮಾಡಿದ.

ಅಷ್ಟರಲ್ಲಿ ಅಕ್ಕ ಸೆರಗು ಸರಿಮಾಡಿಕೊಂಡು ಬಂದು ಕೂತರು. "ಹಕ್ಕಿ ಸಾಕು. ನಂದೊಂದು ಫೋಟೋ ತೆಗಿ ಮಾರಾಯ. ಆಧಾರ್ ಕಾರ್ಡಲ್ಲಿ ಇರೋದು ನಾನು ಅಂತ ಬ್ಯಾಂಕಲ್ಲಿ ನಂಬೋದಿಲ್ಲ."

ಭಟ್ಟ ಕ್ಯಾಮರಾ ಎತ್ತಿದ, ಇಳಿಸಿದ. "ಇಷ್ಟು ಹತ್ರ ಫೋಕಸ್ ಆಗೋದಿಲ್ಲ ಅಕ್ಕಾ. ಈ ಲೆನ್ಸಲ್ಲಿ ನೀವು ಪೂರ್ತಿ ಬರಬೇಕಾದ್ರೆ ಅಂಗಳ ದಾಟಿ ದಣಪೆ ಆಚೆ ಹೋಗಿ ನಿಲ್ಲಬೇಕು."

"ಈ ಮಳೆಯಲ್ಲಾ? ನಮ್ಮನೆಯವರದ್ದು ತೆಗಿ. ಅಷ್ಟು ದೂರ ನಿಂತ್ರೇ ಅವರು ಚೆಂದ ಕಾಣೋದು."