ನಮ್ಮೂರ ಜೀವವೈವಿಧ್ಯ ವನಕ್ಕೆ ಕಾನೂನಿನ ರಕ್ಷಣೆ ಕೊಡಿಸೋದು ಹೇಗೆ?

ಜಗಳೂರು ಸೀಮೆಯವ:
ನಮ್ಮೂರ ಕೆರೆ ಹಿಂದೆ ಗೋಮಾಳದ ಒಂದು ತುಂಡು ಇದೆ. ಊರವರೇ ಸೇರಿ ಸುತ್ತ ಟ್ರೆಂಚ್ ಹೊಡೆಸಿ, ದನ ಬಿಡದೆ ಕಾಪಾಡಿದ್ದೇವೆ. ಈಗ ಕಾರೆ, ತಂಗಡಿ ತಾವಾಗಿಯೇ ಎದ್ದಿವೆ. ಬೆಳಿಗ್ಗೆ ಹೋದರೆ ಟ್ರೆಂಚಿನ ಹಸಿ ಮಣ್ಣಿನ ಮೇಲೆ ನವಿಲಿನ ಹೆಜ್ಜೆ ಸಾಲಾಗಿ ಕಾಣುತ್ತೆ, ಕಾರೆ ಮುಳ್ಳಿನ ಬುಡದಲ್ಲಿ ಮೊಲದ ಹಿಕ್ಕೆ. ಪಂಚಾಯಿತಿಯವರು 'ಜೀವವೈವಿಧ್ಯ ವನ' ಅಂತ ಬೋರ್ಡ್ ಹಾಕಿದ್ದಾರೆ. ಈಗ ಅದೇ ಜಾಗ ನಿವೇಶನಕ್ಕೆ ಹೋಗುತ್ತೆ ಅಂತ ಸುದ್ದಿ. ರಂಗಯ್ಯನದುರ್ಗ 2011ರಲ್ಲಿ ಕೊಂಡುಕುರಿ ವನ್ಯಧಾಮ ಆಯ್ತಲ್ವಾ, ನಮ್ಮದನ್ನೂ ಹಾಗೆ ಮಾಡಿಸಬಹುದಾ?

ಪಹಣಿ ಮೇಷ್ಟ್ರು:
ವನ್ಯಧಾಮದ ಮಾತು ಬಿಡಿ, ಇಷ್ಟು ಚಿಕ್ಕ ಜಾಗಕ್ಕೆ ಅದು ಆಗೋದಲ್ಲ. ಬರೀ ಬೋರ್ಡನ್ನು ನಂಬಿ ಕೂರಬೇಡಿ. ಪಹಣಿ ತೆಗೆಸಿ, ಗೋಮಾಳ ಅಂತಿದೆಯೋ ಬಿ ಖರಾಬ್ (ಸಾರ್ವಜನಿಕ ಬಳಕೆಗೆ ಬಿಟ್ಟ, ಸಾಗುವಳಿ ಇಲ್ಲದ ಜಾಗ) ಅಂತಿದೆಯೋ ನೋಡಿ. ಭೂಕಂದಾಯ ಕಾಯ್ದೆ 1964ರ 71ನೇ ಕಲಂ ಪ್ರಕಾರ ಸರ್ಕಾರಿ ಜಮೀನನ್ನು ಸಾರ್ವಜನಿಕ ಉದ್ದೇಶಕ್ಕೆ ಕಾಯ್ದಿರಿಸುವ ಅಧಿಕಾರ ಡಿಸಿಗೆ ಇದೆ. ಗ್ರಾಮಸಭೆಯಲ್ಲಿ ನಡಾವಳಿ ಬರೆಸಿ, ಹದ್ದುಬಸ್ತು (ಅಳತೆ ಮಾಡಿ ಗಡಿ ಗುರುತು) ಮಾಡಿಸಿ, ಅರ್ಜಿ ಕೊಡಿ. ಕೊಟ್ಟಿದ್ದಕ್ಕೆ ಸ್ವೀಕೃತಿ ತಗೊಳ್ಳೋದು ಮರೀಬೇಡಿ.

ದಾವಣಗೆರೆ ಹಕ್ಕಿಪ್ರೇಮಿ:
ಮೇಷ್ಟ್ರು ಹೇಳಿದ್ದು ಸರಿ, ಅದರ ಜೊತೆಗೆ ಇನ್ನೊಂದು ದಾರಿಯೂ ಇದೆ. ಕೊಕ್ಕರೆ ಬೆಳ್ಳೂರಿನ ಹಾಗೆ ಸಮುದಾಯ ಮೀಸಲು (ಊರವರೂ ಸೇರಿ ನೋಡಿಕೊಳ್ಳೋ ವನ್ಯಜೀವಿ ರಕ್ಷಿತ ಜಾಗ) ಮಾಡೋಣ ಅಂದರೆ ಅದು ಊರಿನವರದೋ ಖಾಸಗಿಯವರದೋ ಜಮೀನಿಗೆ. ನಿಮ್ಮದು ಸರ್ಕಾರಿ ಜಾಗ. 2002ರ ಜೀವವೈವಿಧ್ಯ ಕಾಯ್ದೆಯ 37ನೇ ಕಲಂ ನೋಡಿ, ಸ್ಥಳೀಯ ಸಂಸ್ಥೆಗಳ ಜೊತೆ ಮಾತಾಡಿ ರಾಜ್ಯ ಸರ್ಕಾರ 'ಜೀವವೈವಿಧ್ಯ ಪಾರಂಪರಿಕ ತಾಣ' ಅಂತ ಘೋಷಿಸಬಹುದು. ದೇವನಹಳ್ಳಿ ಹತ್ತಿರದ ನಲ್ಲೂರು ಹುಣಸೆ ತೋಪಿಗೆ 2007ರಲ್ಲೇ ಇದು ಸಿಕ್ಕಿದೆ. ಅಲ್ಲಿರೋದು ನೂರಾರು ವರ್ಷದ ಮರಗಳು, ನಿಮ್ಮ ಜಾಗದ ವಿಶೇಷ ಏನು ಅಂತ ನೀವೇ ತೋರಿಸಬೇಕಾಗುತ್ತೆ. ಪಂಚಾಯಿತಿಯ ಜೀವವೈವಿಧ್ಯ ಸಮಿತಿ ಸುಮ್ನೆ ಹೆಸರಿಗಿದ್ದರೆ ಎಬ್ಬಿಸಿ, ಗಿಡ, ಹಕ್ಕಿ, ಪ್ರಾಣಿ ಎಲ್ಲಾ ಫೋಟೋ ಸಮೇತ ದಾಖಲೆ ಮಾಡಿಸಿ.

ಚಳ್ಳಕೆರೆ ಕುರಿಯವರ ಮಗ:
ಒಂದು ಮಾತು ಅಣ್ಣ. ಟ್ರೆಂಚ್ ಹೊಡೆದಾಗ ಕುರಿಯವರನ್ನು ಕೇಳಿದ್ರಾ? ನಮ್ಮ ಕಡೆ ಅಮೃತಮಹಲ್ ಕಾವಲು (ಅಮೃತಮಹಲ್ ದನಗಳ ಹಳೇ ಹುಲ್ಲುಗಾವಲು) ದೊಡ್ಡ ದೊಡ್ಡ ಯೋಜನೆಗಳಿಗೆ ಹೋಯ್ತು. ಗೋಡೆ ಏಳೋಕೆ ಶುರುವಾದ ಮೇಲೇ ಎಷ್ಟೋ ಜನಕ್ಕೆ ವಿಷಯ ಗೊತ್ತಾಗಿದ್ದು, ಆಮೇಲೆ ಹಸಿರು ನ್ಯಾಯಮಂಡಳಿವರೆಗೂ ಓಡಾಡಬೇಕಾಯ್ತು. ಮೇಯಿಸೋರನ್ನು ಹೊರಗಿಟ್ಟು ನಡಾವಳಿ ಬರೆಸಿದರೆ ನಾಳೆ ನಿವೇಶನ ಕೇಳೋರ ಕಡೆ ಅವರೇ ನಿಲ್ತಾರೆ. ಕೆರೆಗೆ ಕುರಿ ಹೋಗೋ ದಾರಿ ಬಿಟ್ಟು ಗಡಿ ಹಾಕಿ.

ಜಗಳೂರು ಸೀಮೆಯವ:
ಕೇಳಿರಲಿಲ್ಲ ಅಣ್ಣ, ಕೇಳಬೇಕಿತ್ತು. ಕುರಿಯವರ ಹಟ್ಟಿಯ ಹಿರಿಯರನ್ನು ಗ್ರಾಮಸಭೆಗೆ ನಾನೇ ಹೋಗಿ ಕರೀತೀನಿ. ಮೇಷ್ಟ್ರೇ, ಪಹಣಿ ತೆಗೆಸಿ ಇಲ್ಲೇ ಹಾಕ್ತೀನಿ, ಒಂದ್ಸಲ ನೋಡಿ ಹೇಳಿ.